ತೂಗಿದಾಕೆ, ತಬ್ಬಿದಾಕೆ: ತಾಯ್ತನದ ಕವಿತೆಯಲ್ಲಿ ‘ನಾನು’ ಎಲ್ಲಿ?

ಜಿ.ಎಸ್. ಶಿವರುದ್ರಪ್ಪನವರ ‘ಸ್ತ್ರೀ’ ಕವಿತೆಯನ್ನು ಕನ್ನಡಿಗರು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಶಾಲೆಯ ವಾರ್ಷಿಕೋತ್ಸವ, ಮಹಿಳಾ ದಿನ, ಸುಗಮ ಸಂಗೀತದ ಸಂಜೆ, ಎಲ್ಲಾದರೂ ಅದು ಕಿವಿಗೆ ಬಿದ್ದೇ ಇರುತ್ತದೆ. ರಾಗವನ್ನು ಪಕ್ಕಕ್ಕಿಟ್ಟು ಬರೀ ಪದಗಳನ್ನು ಕಾಗದದ ಮೇಲೆ ನೋಡಿದರೆ ಅದರ ಕಟ್ಟಡ ಕಾಣುತ್ತದೆ. ನುಡಿನುಡಿಗೂ ಮೊದಲು ಆಕೆ ಮಾಡಿದ ಕೆಲಸ, ಆಮೇಲೆ ಎರಡು ಪ್ರಶ್ನೆ: ‘ನಿನಗೆ ಬೇರೆ ಹೆಸರು ಬೇಕೆ? ಸ್ತ್ರೀ ಎಂದರೆ ಅಷ್ಟೆ ಸಾಕೆ?’ ಕೆಲಸಗಳೆಲ್ಲ ಒಂದೇ ಅಚ್ಚಿನಲ್ಲಿ ಮುಗಿಯುತ್ತವೆ. ತೂಗಿದಾಕೆ, ನಗಿಸಿದಾಕೆ, ಹಿಡಿಸಿದಾಕೆ, ತಬ್ಬಿದಾಕೆ.

‘ತೂಗಿದಳು’ ಎಂದಿದ್ದರೆ ಒಬ್ಬ ಹೆಂಗಸು ಒಂದು ಹೊತ್ತಿನಲ್ಲಿ ಮಾಡಿ ಮುಗಿಸಿದ ಕೆಲಸ. ತೊಟ್ಟಿಲ ಹಗ್ಗ ಬಿಟ್ಟು ಅವಳು ಬೇರೆಡೆಗೆ ಎದ್ದು ಹೋಗಬಹುದು. ‘ತೂಗಿದಾಕೆ’ ಎಂದಾಗ ಆ ಕೆಲಸವೇ ಅವಳ ಗುರುತಾಗಿ ಗಟ್ಟಿಯಾಗುತ್ತದೆ, ಎದ್ದು ಹೋಗಲು ಬರುವುದಿಲ್ಲ. ಕವಿತೆ ತುಂಬ ಅವಳನ್ನು ‘ನೀನು’ ಎಂದು ಕರೆಯಲಾಗಿದೆ, ಅವಳ ಬಾಯಲ್ಲಿ ಒಂದು ಮಾತೂ ಇಲ್ಲ. ಆದರೆ ಕವಿ ಆ ಕೊನೆಯ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟಿದ್ದಾರೆ. ‘ಸಾಕಲ್ಲವೆ’ ಎಂದೂ ಓದಬಹುದು, ‘ಇಷ್ಟೇ ಸಾಕಾದೀತೆ’ ಎಂದೂ ಓದಬಹುದು. ಹಾಡುವಾಗ ಮೊದಲನೆಯ ಅರ್ಥವೇ ಗೆಲ್ಲುತ್ತದೆ. ಓದುವಾಗ ಎರಡನೆಯದನ್ನು ಬಿಟ್ಟುಕೊಡಬಾರದು ಎಂದು ನನ್ನ ಪಟ್ಟು.

ತಾಯ್ತನದಲ್ಲಿ ಹೆಣ್ಣು ತನ್ನನ್ನು ಕಳೆದುಕೊಳ್ಳುವ ಬಗ್ಗೆ ಕವಿತೆಗಳನ್ನು ಹುಡುಕುವವರು ಸಾಮಾನ್ಯವಾಗಿ ವಿಷಯವನ್ನು ನೋಡುತ್ತಾರೆ. ನೋವು ಇದೆಯೆ, ತ್ಯಾಗ ಇದೆಯೆ, ಸಿಟ್ಟು ಇದೆಯೆ ಎಂದು. ಆ ಕಳೆದುಹೋಗುವಿಕೆ ಇನ್ನೂ ನಿಖರವಾಗಿ ಸಿಗುವುದು ವಾಕ್ಯದ ಒಳಗೆ: ಯಾರಿಗೆ ಹೆಸರಿದೆ, ಯಾರು ಕರ್ತೃ, ಉತ್ತಮಪುರುಷದ ಕ್ರಿಯಾಪದ ಎಷ್ಟನೆಯ ಸಾಲಿನಲ್ಲಿ ಬರುತ್ತದೆ, ಎಷ್ಟನೆಯ ಸಾಲಿನಲ್ಲಿ ಮಾಯವಾಗುತ್ತದೆ. ಕನ್ನಡದಲ್ಲಿ ಇದನ್ನು ನೋಡುವುದಕ್ಕೆ ಒಂದು ಅನುಕೂಲವೂ ಇದೆ. ‘ನಾನು’ ಎಂದು ಬರೆಯದಿದ್ದರೂ ‘ಬಂದೆ’, ‘ಬಾರೆನು’ ಎನ್ನುವ ಕ್ರಿಯಾಪದದ ತುದಿಯಲ್ಲಿ ಅವಳು ಇದ್ದೇ ಇರುತ್ತಾಳೆ. ಹಾಗಾಗಿ ಅವಳು ಇಲ್ಲದಿದ್ದರೆ ಅದೂ ತಟ್ಟನೆ ಗೊತ್ತಾಗುತ್ತದೆ.

ನಮ್ಮ ಜನಪದ ತ್ರಿಪದಿಗಳಲ್ಲಿ ತಾಯಿಯ ಹಾಡುಗಳಿಗೆ ಲೆಕ್ಕವಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಆ ಲೋಕವನ್ನು ಅಚ್ಚಿಗೆ ತಂದಿತು. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು, ಹಾಡು ಕಟ್ಟಿದ ಹೆಂಗಸರ ಹೆಸರು ಹಾಡಿನೊಳಗೆ ಎಲ್ಲೂ ಇಲ್ಲ. ದಾಸರ ಪದಕ್ಕೆ ಅಂಕಿತವಿದೆ, ಶರಣರ ವಚನಕ್ಕೆ ಅಂಕಿತವಿದೆ, ಬೀಸುಕಲ್ಲಿನ ಹಾಡಿಗೆ ಅದಿಲ್ಲ. ಬಾಯಿಂದ ಬಾಯಿಗೆ ದಾಟಲು ಇದರಿಂದ ಅನುಕೂಲವಾಗಿರಬಹುದು. ಕಟ್ಟಿದವಳು ಮಾತ್ರ ಶಾಶ್ವತವಾಗಿ ‘ಗರತಿ’ಯಾಗಿಯೇ ಉಳಿದಳು.

ಎಲ್ಲರಿಗೂ ಗೊತ್ತಿರುವ ಒಂದು ತ್ರಿಪದಿ ನೋಡಿ:

ಬಾಲಕರಿಲ್ಲದ ಬಾಲಿದ್ಯಾತರ ಜನ್ಮ
ಬಾಡಿಗಿ ಎತ್ತು ದುಡಿದ್ಹಂಗ, ಬಾಳೆಲಿ
ಹಾಸ್ಯುಂಡು ಬೀಸಿ ಒಗೆದ್ಹಂಗ

ಮಕ್ಕಳಿಲ್ಲದವಳ ಬಾಳಿಗೆ ಎರಡು ಹೋಲಿಕೆ. ಬಾಡಿಗೆಯ ಎತ್ತು ಬೇರೆಯವರ ಹೊಲದಲ್ಲಿ ದುಡಿಯುತ್ತದೆ, ಬೆಳೆಯಲ್ಲಿ ಅದಕ್ಕೆ ಪಾಲಿಲ್ಲ. ಬಾಳೆಲೆ ಊಟ ಮುಗಿಯುವವರೆಗೆ ಬೇಕು, ಆಮೇಲೆ ತಿಪ್ಪೆಗೆ. ಎರಡೂ ಬಳಸಿ ಬಿಟ್ಟ ವಸ್ತುಗಳು. ಅಂದರೆ ಹಾಡಿನ ತರ್ಕದಲ್ಲಿ ಗಂಡನ ಮನೆಯ ದುಡಿಮೆಯೆಲ್ಲ ಬಾಡಿಗೆಯ ದುಡಿಮೆ, ಮಗು ಬಂದ ಮೇಲಷ್ಟೇ ಅವಳಿಗೆ ಆ ಮನೆಯಲ್ಲಿ ಹಕ್ಕು. ಇದನ್ನು ತಾಯ್ತನದ ಹೊಗಳಿಕೆ ಎಂದು ಪಾಠ ಹೇಳುವುದುಂಟು. ಆದರೆ ಹೆಣ್ಣಿಗೆ ತನ್ನದೆಂಬ ಗುರುತು ಮೊದಲೇ ಎಷ್ಟು ಕಡಿಮೆಯಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ. ತಾಯ್ತನ ಇಲ್ಲಿ ಗುರುತನ್ನು ಕಸಿಯುವುದಿಲ್ಲ, ಇದ್ದೊಂದೇ ಗುರುತನ್ನು ಕೊಡುತ್ತದೆ. ಅದು ಸಿಗದವಳಿಗೆ ಏನೂ ಇಲ್ಲ. ಪಶ್ಚಿಮದ ಕವಯಿತ್ರಿಯರನ್ನು ಓದಿ ಬಂದವರು ಈ ವ್ಯತ್ಯಾಸ ಮರೆತರೆ ಗರತಿಯ ಹಾಡು ಅವರಿಗೆ ದಕ್ಕುವುದಿಲ್ಲ.

ಇನ್ನೊಂದು: ‘ಅತ್ತರೆ ಅಳಲವ್ವ ಈ ಕೂಸು ನಮಗಿರಲಿ, ಕೆಟ್ಟರೆ ಕೆಡಲಿ ಮನೆಗೆಲಸ’. ಕೇಳುವಾಗ ಅಕ್ಕರೆಯಷ್ಟೇ ಕೇಳುತ್ತದೆ. ಆದರೆ ‘ಕೆಟ್ಟರೆ ಕೆಡಲಿ’ ಎನ್ನಬೇಕಾದರೆ ಮನೆಗೆಲಸದ ಲೆಕ್ಕ ಅವಳ ತಲೆಯಲ್ಲಿ ಓಡುತ್ತಲೇ ಇರಬೇಕು. ರೊಟ್ಟಿ ಬಡಿಯುವುದಿದೆ, ನೀರು ತರುವುದಿದೆ, ಉತ್ತರ ಕೊಡಬೇಕಾದ ಅತ್ತೆ ಒಳಗಿದ್ದಾಳೆ. ಆ ಅರ್ಧ ಸಾಲಿನಲ್ಲಿ ಒಬ್ಬ ವ್ಯಕ್ತಿ ಇಣುಕುತ್ತಾಳೆ.

ಮಗ ಬರೆದ ತಾಯಿಯ ಕವಿತೆಗಳಲ್ಲಿ ಲಂಕೇಶರ ‘ಅವ್ವ’ ಎತ್ತರದ್ದು. ‘ನನ್ನವ್ವ ಫಲವತ್ತಾದ ಕಪ್ಪು ನೆಲ’ ಎಂದು ಶುರುವಾದಾಗ, ಮತ್ತೆ ತಾಯಿಯನ್ನು ಭೂಮಿ ಮಾಡಿಬಿಟ್ಟರಲ್ಲ ಎನಿಸುತ್ತದೆ. ಕವಿತೆ ಅಲ್ಲಿ ನಿಲ್ಲುವುದಿಲ್ಲ. ಸತಿಸಾವಿತ್ರಿ, ಜಾನಕಿ, ಊರ್ಮಿಳೆಯಲ್ಲ ಎಂದು ಒಂದೊಂದೇ ಆದರ್ಶವನ್ನು ಅವಳ ಮೈಮೇಲಿಂದ ಕಳಚುತ್ತಾ ಹೋಗುತ್ತದೆ. ದೇವರ ಪೂಜೆ ಇಲ್ಲ, ಹರಿಕತೆ ಇಲ್ಲ, ಮುತ್ತೈದೆಯ ಕುಂಕುಮವೂ ಇಲ್ಲ. ಸಾಕಿದಳು, ಗುದ್ದಾಡಿದಳು, ಕಾಸು ಗಂಟಿಕ್ಕಿದಳು. ಇವೆಲ್ಲ ಪೂರ್ಣ ಕ್ರಿಯಾಪದಗಳು ಎಂಬುದನ್ನು ಗಮನಿಸಿ. ‘ಗಂಟಿಕ್ಕಿದಾಕೆ’ ಎಂದು ಎಲ್ಲೂ ಇಲ್ಲ. ಅವಳಿಗೆ ಹೆಸರಿಲ್ಲ, ಅವಳ ಮಾತು ನಮಗೆ ಕೇಳಿಸುವುದೂ ಇಲ್ಲ, ಆದರೂ ಅವಳು ಒಬ್ಬಳೇ ಒಬ್ಬ ಹೆಂಗಸು. ಕೊನೆಗೆ ಮನೆಯಿಂದ ಹೊಲಕ್ಕೆ ಹೋದಂತೆ ತಣ್ಣಗೆ ಹೊರಟೂ ಹೋಗುತ್ತಾಳೆ. ಆದರ್ಶಗಳನ್ನು ಅಲ್ಲಗಳೆಯುವುದರಿಂದ ವ್ಯಕ್ತಿಯನ್ನು ಹೇಗೆ ಉಳಿಸಿಕೊಳ್ಳಬಹುದು ಎಂದು ಕಲಿಯಬೇಕಾದವರು ಆ ಅಲ್ಲಗಳ ಸಾಲನ್ನು ಕೈಬರಹದಲ್ಲಿ ಒಮ್ಮೆ ಬರೆದುಕೊಂಡು ನೋಡಬೇಕು.

ಇವೆಲ್ಲ ಹೊರಗಿನಿಂದ ನೋಡಿದ ತಾಯಿ. ತಾಯಿಯೇ ಬರೆಯಲು ಕೂತಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ ಅವರ ಎರಡು ಪುಟ್ಟ ಕವಿತೆಗಳನ್ನು ಬಿಡಿಸಿ ನೋಡುವುದು ಉಪಯೋಗ. ಮೊದಲನೆಯದು 1959ರ ‘ಮೆಟಫರ್ಸ್’. ಒಂಬತ್ತು ಸಾಲು, ಪ್ರತಿ ಸಾಲಿಗೆ ಒಂಬತ್ತು ಉಚ್ಚಾರಾಂಶ, ಇಂಗ್ಲಿಷಿನಲ್ಲಿ ಶೀರ್ಷಿಕೆಗೂ ಒಂಬತ್ತೇ ಅಕ್ಷರ. ಬಸಿರಿನ ತಿಂಗಳುಗಳೇ ಛಂದಸ್ಸಾಗಿವೆ. ಶುರುವಾಗುವುದು ‘ನಾನು’ ಎಂದೇ, ನಾನೊಂದು ಒಗಟು ಎಂದು. ಆಮೇಲೆ ಆ ‘ನಾನು’ ಆನೆಯಾಗುತ್ತದೆ, ಮನೆಯಾಗುತ್ತದೆ, ಎರಡು ಬಳ್ಳಿಗಾಲಿನ ಮೇಲೆ ನಡೆಯುವ ಕಲ್ಲಂಗಡಿಯಾಗುತ್ತದೆ, ಉಬ್ಬುತ್ತಿರುವ ಬ್ರೆಡ್ಡಾಗುತ್ತದೆ, ಹೊಸ ನಾಣ್ಯ ತುಂಬಿದ ಚೀಲವಾಗುತ್ತದೆ. ಏಳನೆಯ ಸಾಲಿಗೆ ಬರುವಾಗ ತಾನೊಂದು ಸಾಧನ, ಒಂದು ವೇದಿಕೆ, ಗಬ್ಬದ ಹಸು ಎನ್ನುತ್ತಾಳೆ. ಕೊನೆಯ ಸಾಲಿನಲ್ಲಿ ಇಳಿಯಲಾಗದ ರೈಲು. ಹೋಲಿಕೆಗಳು ಮೊದಮೊದಲು ತಮಾಷೆಯಾಗಿಯೇ ಇವೆ. ಒಂದೊಂದು ಸೇರಿದಂತೆ ‘ನಾನು’ ಹೆಚ್ಚು ಶ್ರೀಮಂತವಾಗಬೇಕಿತ್ತು, ಆದರೆ ಬರೀ ಪಾತ್ರೆಯಾಗುತ್ತಾ ಹೋಗುತ್ತದೆ, ಒಳಗಿರುವುದಕ್ಕಷ್ಟೇ ಬೆಲೆ. ಅಳತೆ ಇಷ್ಟು ಬಿಗಿಯಾಗಿರುವುದರಿಂದಲೇ ಆ ದಿಗಿಲು ಅಳುವಾಗದೆ ಉಳಿದಿದೆ.

ಎರಡನೆಯದು 1961ರ ಫೆಬ್ರವರಿಯ ‘ಮಾರ್ನಿಂಗ್ ಸಾಂಗ್’. ಮಗಳು ಹುಟ್ಟಿದ್ದು 1960ರ ಏಪ್ರಿಲ್ 1ರಂದು, ಬರೆಯುವಾಗ ಕೂಸಿಗೆ ಹತ್ತು ತಿಂಗಳು. ಮೂರು ಸಾಲಿನ ಆರು ನುಡಿ, ಒಟ್ಟು ಹದಿನೆಂಟು ಸಾಲು. ಮೊದಲ ನುಡಿಯಲ್ಲಿ ಮಗುವಿದೆ, ಸೂಲಗಿತ್ತಿಯಿದ್ದಾಳೆ, ತಾಯಿ ಇಲ್ಲ. ಎರಡನೆಯದರಲ್ಲಿ ‘ನಾವು’ ಇದೆ, ಮ್ಯೂಸಿಯಮ್ಮಿನ ಹೊಸ ವಿಗ್ರಹದ ಸುತ್ತ ಗೋಡೆಗಳಂತೆ ಪೆಚ್ಚಾಗಿ ನಿಂತವರು. ‘ನಾನು’ ಬರುವುದು ಏಳನೆಯ ಸಾಲಿಗೆ. ಬರುವುದಾದರೂ ಹೇಗೆ? ತಾಯಿ ಎಂಬ ಪದ ಇಡೀ ಕವಿತೆಯಲ್ಲಿ ಒಂದೇ ಸಲ ಬರುತ್ತದೆ, ಅದೂ ನಿರಾಕರಣೆಯಲ್ಲಿ. ಮೋಡ ಮಳೆ ಸುರಿಸಿ ನೆಲದ ಮೇಲೆ ನೀರಿನ ಕನ್ನಡಿ ಮಾಡುತ್ತದೆ, ಆ ಕನ್ನಡಿಯಲ್ಲೇ ಗಾಳಿ ತನ್ನನ್ನು ಮೆಲ್ಲಗೆ ಅಳಿಸುವುದನ್ನು ನೋಡುತ್ತದೆ. ಆ ಮೋಡ ಎಷ್ಟರ ಮಟ್ಟಿಗೆ ತಾಯಿಯೋ ನಾನೂ ಅಷ್ಟೇ ಎನ್ನುತ್ತಾಳೆ. ಅಳಿಸಿಹೋಗುವುದು ಎಂಬ ಮಾತು ಕೂತಿರುವುದು ಒಂಬತ್ತನೆಯ ಸಾಲಿನಲ್ಲಿ, ಕವಿತೆಯ ನಟ್ಟನಡುವೆ.

ಅದಾದ ಮೇಲೆ ಕವಿತೆ ಕೊರಗುತ್ತಾ ಕೂರುವುದಿಲ್ಲ. ರಾತ್ರಿಯಿಡೀ ಮಗುವಿನ ಉಸಿರು, ಎಚ್ಚರವಾಗಿ ಆಲಿಸುವ ಕಿವಿ, ಒಂದು ಅಳು, ಹಸುವಿನಂತೆ ಭಾರವಾದ ಮೈಯನ್ನು ಹೂವಿನ ನೈಟ್‌ಗೌನಿನಲ್ಲಿ ಹೊತ್ತು ತಡವರಿಸಿ ಏಳುವ ಹೆಂಗಸು. ಐದನೆಯ ನುಡಿಯ ಕೊನೆಗೆ ಕಿಟಕಿಯ ಚೌಕ ಎಂದು ವಾಕ್ಯ ಮುರಿಯುತ್ತದೆ, ಆರನೆಯದರ ಮೊದಲಿಗೆ ಬೆಳಕಾಗುತ್ತದೆ. ಕೊನೆಯ ನುಡಿಯಲ್ಲಿ ‘ನಾನು’ ಇಲ್ಲವೇ ಇಲ್ಲ, ಮಗುವಿನ ಸ್ವರಗಳು ಬಲೂನಿನಂತೆ ಮೇಲೇಳುತ್ತವೆ. ಮೂರು, ನಾಲ್ಕು, ಐದನೆಯ ನುಡಿಗಳಲ್ಲಿ ಮಾತ್ರ ಬಂದು ಹೋದ ‘ನಾನು’. ಅಳಿಸಿಹೋಗುವುದನ್ನು ಹೇಳುವ ಕವಿತೆ ಅದನ್ನು ಸರ್ವನಾಮದಲ್ಲೇ ಮಾಡಿ ತೋರಿಸುತ್ತದೆ. ಮರುವರ್ಷ ಆಗಸ್ಟ್ 19ರಂದು ಬಿಬಿಸಿ ರೇಡಿಯೋದಲ್ಲಿ ಪ್ರಸಾರವಾದ ‘ತ್ರೀ ವಿಮೆನ್’ ಎಂಬ ದೀರ್ಘ ಕವಿತೆಯಲ್ಲಂತೂ ಹೆರಿಗೆ ವಾರ್ಡಿನ ಹೆಂಗಸರಿಗೆ ಹೆಸರೇ ಇಲ್ಲ: ಮೊದಲ ದನಿ, ಎರಡನೆಯ ದನಿ, ಮೂರನೆಯ ದನಿ. ಒಬ್ಬಳಿಗೆ ಮಗುವಾಗುತ್ತದೆ, ಒಬ್ಬಳ ಬಸಿರು ಇಳಿದುಹೋಗುತ್ತದೆ, ಒಬ್ಬಳು ಕೂಸನ್ನು ಬಿಟ್ಟು ಹೋಗುತ್ತಾಳೆ.

ಪ್ಲಾತ್ ಕವಿತೆಯ ಹಸು ಕನ್ನಡದವರಿಗೆ ಬೇರೊಂದು ಹಸುವನ್ನು ನೆನಪಿಸದೆ ಬಿಡದು. ‘ಗೋವಿನ ಹಾಡು’ ನಮ್ಮಲ್ಲಿ ಸತ್ಯದ ಪಾಠ. ಅದನ್ನು ತಾಯಿಯ ಕವಿತೆಯಾಗಿ ಓದಿದರೆ ಬೆರಗಾಗುತ್ತದೆ. ಮೊದಲನೆಯದಾಗಿ ಅವಳಿಗೆ ಹೆಸರಿದೆ. ಗೊಲ್ಲ ಗಂಗೆ, ಗೌರಿ, ತುಂಗಭದ್ರೆ ಎಂದು ಒಬ್ಬೊಬ್ಬರನ್ನೂ ಕರೆಯುವಾಗ ‘ಪುಣ್ಯಕೋಟಿ ನೀನು ಬಾರೆ’ ಎಂದು ಅವಳನ್ನು ಬೇರೆಯಾಗಿ ಕರೆಯುತ್ತಾನೆ. ಎರಡನೆಯದಾಗಿ ಅವಳಿಗೆ ಮಾತಿದೆ. ಸುಮ್ಮನೆ ಇಲ್ಲಿಯೇ ನಿಲ್ಲು, ನನ್ನನ್ನು ತಬ್ಬಲಿ ಮಾಡಬೇಡ ಎಂದು ಕರು ಬೇಡಿದಾಗ ಅವಳ ಉತ್ತರ: ‘ಕೊಟ್ಟ ಭಾಷೆಗೆ ತಪ್ಪಲಾರೆನು, ಕೆಟ್ಟ ಯೋಚನೆ ಮಾಡಲಾರೆನು, ನಿಷ್ಠೆಯಿಂದಲಿ ಪೋಪೆನಲ್ಲಿಗೆ.’ ಒಂದೇ ನುಡಿಯಲ್ಲಿ ಮೂರು ಸಲ ಉತ್ತಮಪುರುಷ. ಮಗುವಿನ ಹಸಿವಿಗಿಂತ ತನ್ನ ಮಾತು ದೊಡ್ಡದು ಎನ್ನುವ ತಾಯಿ ಇವಳು. ಹೊರಡುವ ಮುಂಚೆ ಅಕ್ಕತಂಗಿಯರನ್ನು ಕರೆದು, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕರುವಿನ ಪಾಲನೆಯ ಏರ್ಪಾಡನ್ನೂ ಮಾಡಿ ಹೋಗುತ್ತಾಳೆ. ತಾಯ್ತನದ ಆಚೆ ತನ್ನದೊಂದು ಗುರುತಿರುವ ಅಮ್ಮ ಕನ್ನಡ ಕಾವ್ಯದಲ್ಲಿ ಎಲ್ಲಿದ್ದಾಳೆ ಎಂದು ಕೇಳುವವರಿಗೆ, ನಾಲ್ಕನೇ ಕ್ಲಾಸಿನ ಮಕ್ಕಳೂ ಬಾಯಿಪಾಠ ಹೇಳುವ ಈ ಹಾಡನ್ನು ತೋರಿಸಬೇಕು. ಆ ಗುರುತಿಗಾಗಿ ಅವಳು ಪ್ರಾಣವನ್ನೇ ಒಡ್ಡಬೇಕಾಯಿತು ಎಂಬುದನ್ನೂ ಮರೆಯದೆ ಹೇಳಬೇಕು.

ಸರ್ವನಾಮದ ನಂತರ ಹೊತ್ತಿನ ಮಾತು. ಹಸುಗೂಸಿಗೆ ದಿನಕ್ಕೆ 8ರಿಂದ 12 ಸಲ ಹಾಲು ಕುಡಿಸಬೇಕಾಗುತ್ತದೆ, ಅಂದರೆ ಸುಮಾರು ಎರಡು-ಮೂರು ಗಂಟೆಗೊಮ್ಮೆ. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸುವಷ್ಟರಲ್ಲಿ ಆ ಅವಧಿಯ ಅರ್ಧ ಮುಗಿದಿರುತ್ತದೆ. ಉಳಿದ ಅರ್ಧದಲ್ಲಿ ನಿದ್ದೆ, ಸ್ನಾನ, ಊಟ. ಕವಿತೆಗೆ ಮಿಗುವುದು ತುಂಡುಗಳು. ಅಮೆರಿಕದ ಇನ್ನೊಬ್ಬ ಕವಯಿತ್ರಿ ಏಡ್ರಿಯನ್ ರಿಚ್ ಅವರಿಗೆ 1955, 1957, 1959ರಲ್ಲಿ ಮೂರು ಗಂಡುಮಕ್ಕಳಾದರು, ಮೂವತ್ತು ತುಂಬುವ ಮೊದಲೇ. 1958ರಿಂದ 60ರವರೆಗೆ ಬರೆದ ‘ಸ್ನ್ಯಾಪ್‌ಶಾಟ್ಸ್ ಆಫ್ ಎ ಡಾಟರ್-ಇನ್-ಲಾ’ ಅಂಕಿ ಹಾಕಿದ ಹತ್ತು ಭಾಗಗಳ ಕವಿತೆ. ಮಕ್ಕಳು ಹಗಲು ಮಲಗಿದಾಗ, ಗ್ರಂಥಾಲಯದ ಚೂರು ಹೊತ್ತಿನಲ್ಲಿ, ಎಚ್ಚರವಾದ ಮಗುವಿಗಾಗಿ ಎದ್ದ ಬೆಳಗಿನ ಮೂರಕ್ಕೆ ಗೀಚಿಟ್ಟ ಚೂರುಗಳಿಂದ ಅದು ಕಟ್ಟಿಕೊಂಡಿತು ಎಂದು ಅವರೇ ಮುಂದೆ ಬರೆದರು. ಆಗ ತನಗೆ ‘ನಾನು’ ಎನ್ನುವ ಧೈರ್ಯ ಬಂದಿರಲಿಲ್ಲ, ಕವಿತೆಯ ಹೆಂಗಸು ಉದ್ದಕ್ಕೂ ‘ಅವಳು’ ಎಂದೂ ಹೇಳಿದ್ದಾರೆ. ಮಕ್ಕಳು ತನಗೆ ಕೊಡುವಷ್ಟು ತೀಕ್ಷ್ಣವಾದ ಸಂಕಟ ಬೇರೊಂದಿಲ್ಲ, ಅದು ಎರಡು ಮನಸ್ಸಿನ ಸಂಕಟ ಎಂದು ಡೈರಿಯಲ್ಲಿ ಬರೆದುಕೊಂಡದ್ದು 1960ರ ನವೆಂಬರ್‌ನಲ್ಲಿ. ಅದು ಪುಸ್ತಕವಾಗಿ ಜನರ ಮುಂದೆ ಬಂದದ್ದು 1976ರಲ್ಲಿ. ನಡುವೆ ಹದಿನಾರು ವರ್ಷ.

ಪ್ಲಾತ್ 1962ರ ಅಕ್ಟೋಬರ್‌ನ ಕವಿತೆಗಳನ್ನು ಬರೆದದ್ದು ಬೆಳಗಿನ ನಾಲ್ಕರ ಸುಮಾರಿಗೆ, ಮಗು ಅಳುವ ಮೊದಲು, ಹಾಲಿನವನು ಬಾಟಲಿ ಇಡುವ ಸದ್ದಿಗೂ ಮೊದಲು. ನಮ್ಮ ಬೀಸುಕಲ್ಲಿನ ಹೊತ್ತೂ ಅದೇ, ಕೋಳಿ ಕೂಗುವ ಮುಂಚಿನದು. ತ್ರಿಪದಿಯ ಅಳತೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯದಕ್ಕೆ ಮೂರು, ಒಟ್ಟು ಹನ್ನೊಂದು. ಆರನೆಯದೂ ಹತ್ತನೆಯದೂ ಎರಡು ಅಂಶದ ಬ್ರಹ್ಮಗಣ, ಉಳಿದವೆಲ್ಲ ಮೂರು ಅಂಶದ ವಿಷ್ಣುಗಣ. ಎರಡನೆಯ ಸಾಲಿನ ಕೊನೆಯ ಪದ ಅರ್ಥದಲ್ಲಿ ಮೂರನೆಯದಕ್ಕೆ ಜಾರುತ್ತದೆ, ಮೇಲಿನ ‘ಬಾಳೆಲಿ’ಯ ಹಾಗೆ. ಕಾಗದ ಬೇಡ, ಹಿಂದಿನ ನುಡಿ ನೆನಪಿಡಬೇಕಿಲ್ಲ, ಮಗು ಅತ್ತರೆ ಅಲ್ಲಿಗೇ ಬಿಟ್ಟು ಏಳಬಹುದು, ಬಿಟ್ಟದ್ದು ಅರೆಬರೆಯಾಗಿರುವುದಿಲ್ಲ. ತುಂಡು ಸಮಯದಲ್ಲಿ ಇಡಿಯಾದ ಕವಿತೆಯನ್ನು ಮಾಡಲು ಇದಕ್ಕಿಂತ ಒಪ್ಪುವ ಛಂದಸ್ಸು ಸಿಗಲಾರದು. ಇವತ್ತು ಬರೆಯುವ ತಾಯಂದಿರು ಮೊಬೈಲಿನ ನೋಟ್ಸಿನಲ್ಲಿ ಮೂರು ಸಾಲು ಗೀಚಿದಾಗ ಅದನ್ನು ಬರೆಯಲಾಗದ ದೊಡ್ಡ ಕವಿತೆಯ ಚೂರು ಎಂದುಕೊಂಡು ಸಂಕಟಪಡುತ್ತಾರೆ. ಚೂರೇ ಒಂದು ರೂಪ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಈಗ ಬರೆಯುತ್ತಿರುವ ಕವಿತೆಗಳಲ್ಲಿ ಏನು ಕೆಡುತ್ತದೆ ಎಂಬುದನ್ನೂ ಹೇಳಬೇಕು. ಅಮ್ಮಂದಿರ ದಿನಕ್ಕೆ ಹರಿದಾಡುವ ‘ತ್ಯಾಗದ ಮೂರ್ತಿ, ಕರಗಿ ಬೆಳಗಿದ ಮೇಣದ ಬತ್ತಿ’ಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಲ್ಲಿ ಗಡಿಯಾರವೂ ಇಲ್ಲ, ಕೋಣೆಯೂ ಇಲ್ಲ, ಹಾಗಾಗಿ ಹೆಂಗಸೂ ಇಲ್ಲ. ಹೆಚ್ಚು ಕಷ್ಟದ್ದು ಇದರ ವಿರುದ್ಧ ದಿಕ್ಕಿನ ತಪ್ಪು. ತಾಯಿಯೇ ಬರೆಯುತ್ತಾಳೆ, ನಿಜವನ್ನೇ ಬರೆಯುತ್ತಾಳೆ: ನನ್ನ ಅಸ್ತಿತ್ವ ಕರಗಿತು, ನನ್ನ ಅಸ್ಮಿತೆ ಎಲ್ಲಿ, ನನ್ನ ಕನಸುಗಳು ಮುರಿದವು. ಸಾಲಿಗೊಂದು ‘ನನ್ನ’ ಇದ್ದರೂ ಅವಳು ಕಾಣುವುದಿಲ್ಲ. ಯಾಕೆಂದರೆ ಕರ್ತೃಸ್ಥಾನದಲ್ಲಿ ಅಸ್ತಿತ್ವ, ಅಸ್ಮಿತೆ, ಕನಸು ಕೂತಿವೆ, ಅವಳು ಷಷ್ಠೀ ವಿಭಕ್ತಿಗೆ ಸರಿದಿದ್ದಾಳೆ. ತಿದ್ದುವಾಗ ಮೊದಲು ಪ್ರತಿ ವಾಕ್ಯದ ಕರ್ತೃವಿಗೆ ಗೆರೆ ಎಳೆಯಿರಿ. ಆಮೇಲೆ ಭಾವವಾಚಕಗಳನ್ನು ತೆಗೆದು, ಅದು ಎಷ್ಟು ಹೊತ್ತಿಗೆ, ಕೈಯಲ್ಲಿ ಏನಿದ್ದಾಗ ಆಯಿತು ಎಂದು ಕೇಳಿಕೊಳ್ಳಿ. ಉದಾಹರಣೆಗೆ ಮೇಲಿನ ಸಾಲುಗಳ ಜಾಗದಲ್ಲಿ ಹೀಗೆ ಬರಬಹುದು:

ಮೂರನೇ ಸಾಲಿಗೆ ಹಾಲು ಒಸರಿತು.
ಕುಪ್ಪಸ ಒದ್ದೆ.
‘ಆದ್ದರಿಂದ’ ಎಂದು ಬರೆದಿದ್ದೆ.
ಅದರ ಮುಂದೆ ಏನಿತ್ತು?

ಇಲ್ಲಿ ಕಳೆದುಹೋದದ್ದು ಒಂದು ವಾಕ್ಯದ ಉಳಿದ ಅರ್ಧ. ಓದುವವರು ಉಳಿದದ್ದನ್ನು ತಾವೇ ಲೆಕ್ಕ ಹಾಕುತ್ತಾರೆ.

ನಮ್ಮ ಬಾಣಂತನದ ಕೋಣೆ ಕನ್ನಡ ಕವಿತೆಯಲ್ಲಿ ಇನ್ನೂ ಸಾಕಷ್ಟು ಬಂದಿಲ್ಲ ಎಂದೇ ನನಗನಿಸುತ್ತದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿದ ಹಳೆ ಸೀರೆ, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು. ಓದಬೇಡ, ಕಣ್ಣು ಸೋಲುತ್ತದೆ ಎನ್ನುವ ಹಿರಿಯರ ಮಾತು. ಅದರಲ್ಲಿ ಕಾಳಜಿ ನಿಜ, ಅಷ್ಟೂ ದಿನ ಪುಸ್ತಕವಿಲ್ಲದ ಕೋಣೆಯೂ ನಿಜ. ಹೆಸರು ಹಿಡಿದು ಕರೆಯುವುದು ನಿಂತು ಅವಳು ‘ಬಾಣಂತಿ’ಯಾಗುವುದು, ಆಮೇಲೆ ಮಗುವಿನ ಹೆಸರಿಗೆ ‘ಅಮ್ಮ’ ಸೇರಿಸಿ ಕರೆಯಿಸಿಕೊಳ್ಳುವುದು ಅಲ್ಲಿಂದಲೇ. ಆರೈಕೆ ಮಾಡುವ ಕೈಯೂ ಅಳಿಸುವ ಕೈಯೂ ಒಂದೇ ಆಗಿರುವ ಆ ಇಕ್ಕಟ್ಟನ್ನು ಬರೆಯಲು ದೂರು ಸಾಲದು, ಕೃತಜ್ಞತೆಯೂ ಸಾಲದು.

ಅಡುಗೆಮನೆಯ ವಿಷಯದಲ್ಲಿ ವೈದೇಹಿಯವರು ಅದನ್ನು ಮಾಡಿದ್ದಾರೆ. ಕಾವ್ಯ ಗೊತ್ತಿಲ್ಲ, ತಿಳಿಸಾರು ಗೊತ್ತು ಎನ್ನುವ ಅವರ ಕವಿತೆ ಸಾರು ಕುದಿಯುವ ಹದವನ್ನು ವಿವರಿಸುತ್ತಲೇ ಕಾವ್ಯದ ಹದವನ್ನು ಹೇಳುತ್ತದೆ. ಮನೆಗೆಲಸವನ್ನು ಅವಮಾನವೆಂದು ಬದಿಗೆ ತಳ್ಳದೆ, ಅದರೊಳಗೆ ತಿಳಿವಳಿಕೆಯಿರುವ ಒಬ್ಬ ‘ನಾನು’ವನ್ನು ನಿಲ್ಲಿಸುವ ದಾರಿ ಅದು. ಅವರಿಗೆ ಮೂರು ಹೆಸರು: ತೌರಿನಲ್ಲಿ ವಸಂತಿ, ಮದುವೆಯ ನಂತರ ಜಾನಕಿ, ಪತ್ರಿಕೆಯ ಮೂಲಕ ಬಂದ ವೈದೇಹಿ. ಮೂರರಲ್ಲಿ ಕೊನೆಯದು ಕಾವ್ಯದ್ದು.

ಕೊನೆಯ ನುಡಿಯ ಬಗ್ಗೆ ಒಂದು ಮಾತು ಉಳಿದಿದೆ. ತಾಯ್ತನದ ದಣಿವನ್ನು ಚೆನ್ನಾಗಿ ಬರೆದ ಕವಿತೆಗಳೂ ಮುಗಿಯುವಾಗ ಹೆದರುತ್ತವೆ, ಮಗುವಿನ ಒಂದು ನಗುವಿಗೆ ಎಲ್ಲವೂ ಮರೆತುಹೋಯಿತು ಎಂದು ಕ್ಷಮೆ ಕೇಳುತ್ತವೆ. ಪ್ರೀತಿಯಿಲ್ಲದವಳು ಎಂದು ಓದುಗರು ತಿಳಿದಾರು ಎಂಬ ಭಯ ಅದು. ಆ ನುಡಿಯನ್ನು ಮುಚ್ಚಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿಕೊಳ್ಳಿ. ಮೇಲಿನ ಸಾಲುಗಳಲ್ಲಿ ಮಗುವಿನ ಉಸಿರನ್ನು, ಬಾಯಿಯ ಆಕಾರವನ್ನು, ಅಳುವಿನ ಸ್ಥಾಯಿಯನ್ನು ಸರಿಯಾಗಿ ಕೇಳಿಸಿಕೊಂಡು ಬರೆದಿದ್ದರೆ ಪ್ರೀತಿ ಅಲ್ಲೇ ಬಂದಿರುತ್ತದೆ. ಹಾಗೆ ಬಂದಿಲ್ಲವಾದರೆ ಸೇರಿಸಬೇಕಾದದ್ದು ನಾಲ್ಕನೆಯ ಅಥವಾ ಐದನೆಯ ಸಾಲಿನಲ್ಲಿ, ಕೊನೆಯಲ್ಲಲ್ಲ.